ಬೆಕ್ಕಿಗೆ ಹಾಕಿದ ಮೀನಿನ ತಲೆ

ಪಲ್ಲವಿ, ವಿನಾಯಕ,

ನಿಮ್ಮ ರೇಖತ್ತೆಯ ಊರಿನಲ್ಲಿ ಜೀಪಿನಿಂದ ಇಳಿದಾಗ ನನಗೆ ಗಾಬರಿಯಾದದ್ದು ಒಂದೇ ಕಾರಣಕ್ಕೆ. ಅಲ್ಲಿ ಯಾವ ವಾಸನೆಯೂ ಇರಲಿಲ್ಲ. ನಮ್ಮೂರು ಕೇಣಿಯಲ್ಲಿ ಕಣ್ಣು ಕಟ್ಟಿ ಬಿಟ್ಟರೂ ಒಣಮೀನಿನ ವಾಸನೆ ಹಿಡಿದು ಮನೆಗೆ ಬರಬಹುದು. ಅಲ್ಲಿ ಮೂಗಿಗೆ ಸಿಗುವುದು ಬಿಸಿ ಗಾಳಿ ಮಾತ್ರ. ನೆಲ ಹೊಸ ಹಂಚಿನ ಹಾಗೆ ಕೆಂಪು. ಕಣ್ಣು ಹೋಗುವಷ್ಟು ದೂರ ಒಂದು ಮನೆಯಿಲ್ಲ, ಒಂದು ತೆಂಗಿನ ಮರವಿಲ್ಲ.

"ಸಮುದ್ರ ಯಾವ ಬದಿಗದೆ?" ಎಂದು ಕೇಳಿದೆ.

"ಇಡೀ ದಿನ ಜೀಪಲ್ಲಿ ಹೋದ್ರೆ ಸಿಕ್ತದೆ ಆಯಿ. ನಿಂಗೆ ಈಗ್ಲೇ ಬಂಗಡೆ ಬೇಕಾಯ್ತಾ?" ಎಂದು ನನ್ನ ಮಗಳು ರೇಖಾ ನಕ್ಕಳು.

ಮೊನ್ನೆ ಇಲ್ಲಿ ನಮ್ಮ ಹಿತ್ತಲಲ್ಲಿ ಮೀನು ಕೊಯ್ಯುವಾಗ ನಾನು ಬೆಕ್ಕನ್ನು ಓಡಿಸಿದೆನಲ್ಲ, ಆಗ ಪಲ್ಲವಿ ಕೇಳಿದಳು: "ತಲೆಯೆಲ್ಲ ಮಣ್ಣಲ್ಲಿ ಹುಗೀತೆ, ಪಾಪ ಬೆಕ್ಕಿಗೆ ಹಾಕೂಕೆ ಎಂತಾ ಧಾಡಿ ಅಜ್ಜಿ ನಿಂಗೆ?" ನಾಲ್ಕು ಜನರ ಮುಂದೆ ಬಾಯಿ ಬಿಡುವುದು ನನಗೆ ಮೊದಲಿನಿಂದಲೂ ಆಗದು. ಏಳನೆಯ ಇಯತ್ತೆವರೆಗೆ ಕಲಿತ ಅಕ್ಷರ ಇದೆ, ಅದರಲ್ಲಿ ಉತ್ತರ ಬರೆಯುತ್ತೇನೆ.

ನಿಮ್ಮ ಅಜ್ಜ ಹೋದ ಮರುವರ್ಷ ರೇಖಾ ನನ್ನನ್ನು ಆಸ್ಟ್ರೇಲಿಯಾಕ್ಕೆ ಕರೆದೊಯ್ದಳು. ಅವಳು ಗಿಡಗಳ ವಿದ್ಯೆ ಓದಿದವಳು. ಮರುಭೂಮಿಯ ನಡುವೆ ಒಂದು ವನ್ಯಧಾಮ, ಅಲ್ಲಿ ಬೀಜ ಕೂಡಿಸಿಡುವುದು ಅವಳ ಕೆಲಸ. ಮೂರು ತಗಡಿನ ಮನೆಗಳು. ಒಂದರಲ್ಲಿ ನಾವಿಬ್ಬರು, ಒಂದರಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವ ಜೋನ್, ಇನ್ನೊಂದರಲ್ಲಿ ಆಫೀಸು. ಜೋನ್ ನನ್ನ ವಯಸ್ಸಿನವಳೇ, ಆದರೂ ರೇಖಾಳನ್ನು ಕೇಳಿ ಕೇಳಿ ನನ್ನನ್ನು 'ಆಯಿ' ಎಂದೇ ಕರೆಯುತ್ತಿದ್ದಳು.

ಆ ನೆಲ ಬಂಜರೆಂದು ನಾನು ತಿಳಿದಿದ್ದೆ. ಹಾಗಲ್ಲ. ಇಲ್ಲಿ ಜೂನ್ ತಿಂಗಳಲ್ಲಿ ಅಂಗಳದ ಮಣ್ಣೇ ಕೊಚ್ಚಿ ಹೋಗುವಷ್ಟು ನೀರು, ಯಾರಿಗೂ ಅದರ ಬೆಲೆಯಿಲ್ಲ. ಅಲ್ಲಿ ಮುಲ್ಗಾ ಎಂಬ ಮರದ ಎಲೆಗಳು ಆಕಾಶಕ್ಕೆ ಮುಖ ಮಾಡಿರುತ್ತವೆ. ಬಿದ್ದ ನಾಲ್ಕು ಹನಿಯನ್ನೂ ಆ ಮರ ಕೊಂಬೆಯ ಮೇಲೆ ಹರಿಸಿ ತನ್ನ ಬುಡಕ್ಕೇ ಇಳಿಸಿಕೊಳ್ಳುತ್ತದೆ. ಸಾಲ್ಟ್‌ಬುಷ್ ಎಂಬ ಬೂದಿ ಬಣ್ಣದ ಕುಳ್ಳ ಗಿಡದ ಎಲೆ ಬಾಯಿಗಿಟ್ಟರೆ ಉಪ್ಪು! ಆ ದಿನ ನನಗೆ ಅಳು ಬಂತು. ಡಬ್ಬಿಯ ಒಣ ಕಾಯಿತುರಿ ಹಾಕಿ ಅದರ ಪಲ್ಯ ಮಾಡಿದೆ. ಜೋನ್ ಎರಡನೆಯ ಸಲ ಹಾಕಿಸಿಕೊಂಡು ಉಂಡಳು. ಅದೊಂದು ನನ್ನ ಗೆಲುವು.

ವನ್ಯಧಾಮದ ಸುತ್ತ, ನಮ್ಮ ಮನೆಗಳೂ ಒಳಗೆ ಬರುವಂತೆ, ಆಳೆತ್ತರದ ತಂತಿಬೇಲಿ ಇತ್ತು, ಮೇಲ್ತುದಿ ಹೊರಕ್ಕೆ ಬಾಗಿದ್ದು. ಹಿಂದೆ ಹಡಗಿನಲ್ಲಿ ಬಂದ ಜನ ಬೆಕ್ಕು, ನರಿಗಳನ್ನು ತಂದು ಬಿಟ್ಟರಂತೆ. ಅಲ್ಲಿಯ ಚಿಕ್ಕ ಪ್ರಾಣಿಗಳಿಗೆ ಅವುಗಳಿಂದ ತಪ್ಪಿಸಿಕೊಳ್ಳಲು ತಿಳಿಯದು. ಬೇಲಿಯೊಳಗೆ ಮಾತ್ರ ಆ ಚಿಕ್ಕ ಪ್ರಾಣಿಗಳು ಉಳಿದಿದ್ದವು. ಹೊಳೆಯ ಉಪ್ಪುನೀರು ಭತ್ತಕ್ಕೆ ನುಗ್ಗದಂತೆ ನಾವು ಗಜನಿ ಗದ್ದೆಗೆ ಕಟ್ಟು ಹಾಕುತ್ತೇವಲ್ಲ, ಹಾಗೆಯೇ ಇದು ಎಂದು ನನಗೆ ಕೂಡಲೇ ಅರ್ಥವಾಯಿತು.

ಆ ಪ್ರಾಣಿಗಳಲ್ಲಿ ಬಿಲ್ಬಿ ಎಂಬುದೊಂದು. ಮೊಲದ ಕಿವಿ, ಚೂಪು ಮೂತಿ, ಹೊಟ್ಟೆಯಲ್ಲಿ ಮರಿಗೆ ಚೀಲ. ಬಿಲ ತೋಡುವಾಗ ಮಣ್ಣು ತುಂಬಬಾರದೆಂದು ಆ ಚೀಲದ ಬಾಯಿ ಹಿಂದಕ್ಕೆ! ತಾಯಿ ಸತ್ತ ಒಂದು ಹೆಣ್ಣು ಮರಿಯನ್ನು ಜೋನ್ ಸಾಕುತ್ತಿದ್ದಳು. ಅದಕ್ಕೆ ಬಟ್ಟೆಯ ಚೀಲ ಬೇಕೆಂದಾಗ ನನ್ನ ಹಳೆಯ ನೀಲಿ ಹತ್ತಿ ಸೀರೆ ಹರಿದು ಹೊಲಿದುಕೊಟ್ಟೆ. ಪುಟ್ಟಿ ಎಂದು ಹೆಸರಿಟ್ಟವಳೂ ನಾನೇ. ಜೋನ್ ಆ ಚೀಲವನ್ನು ಅಂಗಿಯೊಳಗೆ ನೇತುಹಾಕಿಕೊಂಡೇ ಚಹಾಕ್ಕೆ ಬರುತ್ತಿದ್ದಳು. ಪುಟ್ಟಿ ದೊಡ್ಡದಾದ ಮೇಲೆ ಅದರ ಬಾಲಕ್ಕೆ ಸಂಕೇತ ಕೊಡುವ ಸಣ್ಣ ಯಂತ್ರ ಕಟ್ಟಿ ಬೇಲಿಯೊಳಗಿನ ಕಾಡಿಗೆ ಬಿಟ್ಟರು. ಬೆಳಿಗ್ಗೆ ಅದರ ಹೆಜ್ಜೆ ಕಂಡರೆ ಜೋನ್ ಕಿಟಕಿ ತಟ್ಟಿ ಹೇಳಿ ಹೋಗುತ್ತಿದ್ದಳು.

ಆ ವರ್ಷ ಎಂದೂ ಬಾರದ ಮಳೆ ಬಂದು ಒಣಹಳ್ಳ ಹರಿಯಿತು, ಬೇಲಿಯ ಒಂದು ಭಾಗ ಬಿತ್ತು. ಎರಡು ದಿನದಲ್ಲಿ ಸರಿಮಾಡಿದರು.

ಅದೇ ವಾರ ರೇಖಾ ಪೇಟೆಯಿಂದ ಐಸಿನಲ್ಲಿಟ್ಟ ಇಡೀ ಮೀನುಗಳನ್ನು ತಂದಿದ್ದಳು. ಮಧ್ಯಾಹ್ನ ಮನೆಯ ಹಿಂದೆ ಕೂತು ಕೊಯ್ಯುತ್ತಿದ್ದೆ. ಬೂದು ಬೆಕ್ಕೊಂದು ಬಂದು ಹತ್ತು ಮಾರು ದೂರದಲ್ಲಿ ಕೂತಿತು. ಕೇಣಿಯಲ್ಲಿ ಮೀನಿನ ತಲೆ ಬೆಕ್ಕಿನ ಪಾಲು, ಯಾರನ್ನೂ ಕೇಳಬೇಕಿಲ್ಲ. ಕೈ ತಾನಾಗಿ ಎಸೆಯಿತು. ಮರುದಿನವೂ ಬಂತು. ರೇಖಾ ಬೀಜ ಕೂಡಿಸಲು ಹೋದರೆ ಸಂಜೆಯವರೆಗೆ ನನ್ನೊಡನೆ ಮಾತಾಡುವವರಿಲ್ಲ. ಬೆಕ್ಕಿನ ಹತ್ತಿರ ಕನ್ನಡದಲ್ಲೇ ಮಾತಾಡುತ್ತಿದ್ದೆ. ಮೀನು ಮುಗಿದ ಮೇಲೆ ಅನ್ನಕ್ಕೆ ಡಬ್ಬಿಮೀನು ಕಲಸಿ ಹಾಕಿದೆ. ಅದೂ ನನ್ನ ಹಾಗೆ ಹೊರಗಿನದು ಎಂದು ನನಗೆ ಅನ್ನಿಸಿತ್ತು. ಬೇಲಿ ಬಿದ್ದಾಗ ಒಳಬಂದದ್ದು ಎಂದು ಮಾತ್ರ ಹೊಳೆಯಲಿಲ್ಲ.

ಹತ್ತನೆಯ ದಿನ ಜೋನ್ ಚಹಾ ಕುಡಿಯುತ್ತ ಏನೋ ಹೇಳಿದಳು. ರೇಖಾ ನಗುತ್ತ ನನಗೆ ಹೇಳಿದಳು:

"ಒಂದು ಬೆಕ್ಕು ಒಳಗೆ ಹೊಕ್ಕದೆ ಆಯಿ. ಎಂಟು ಬೋನು ಇಟ್ರು, ಕರಿದ ಕೋಳಿ ಇಟ್ರು, ಹತ್ರ ಸುಳೀಲಿಲ್ಲ. ಏಕಾದಶಿ ಮಾಡ್ತದೆ ಕಾಣ್ತದೆ!"

ನಾನು ಲೋಟ ಕೆಳಗಿಟ್ಟೆ.

"ಸಿಕ್ರೆ ಎಂತಾ ಮಾಡ್ತ್ರು?" ಎಂದೆ.

"ಕೊಲ್ತ್ರು. ಮತ್ತೆಂತಾ ಮಾಡೂದು? ಅದು ಇದ್ರೆ ಪುಟ್ಟಿ ಉಳಿತದಾ?"

ಆಗಲೇ ಹೇಳಬೇಕಿತ್ತು. ಒಂದು ಮಾತು ಸಾಕಿತ್ತು. ಬೆಕ್ಕು ಕೊಂದ ಪಾಪಕ್ಕೆ ಬಂಗಾರದ ಬೆಕ್ಕು ಮಾಡಿಸಿ ದಾನ ಕೊಟ್ಟರೂ ಸಾಲದೆಂದು ನಮ್ಮತ್ತೆ ಹೇಳುತ್ತಿದ್ದರು. ನನ್ನ ಕೈಯಲ್ಲಿ ಉಂಡದ್ದನ್ನು ನಾನೇ ಹಿಡಿದುಕೊಡುವುದೇ? ಇನ್ನೊಂದು, ರೇಖಾಳ ಕೆಲಸಕ್ಕೆ ನನ್ನಿಂದ ಕುಂದು ಬಂದರೆ? ಹೀಗೆಲ್ಲ ಕಾರಣ ಹುಡುಕಿದೆ. ನಿಜ ಹೇಳಬೇಕೆಂದರೆ ನನಗೆ ನಾಚಿಕೆಯಾಗಿತ್ತು, ಅಷ್ಟೇ. ಮತ್ತೂ ಐದು ದಿನ ಅನ್ನ ಹಾಕಿದೆ. ಹೊಟ್ಟೆ ತುಂಬಿದ್ದರೆ ಯಾವುದನ್ನೂ ಹಿಡಿಯಲಾರದು ಎಂದು ನನಗೆ ನಾನೇ ಹೇಳಿಕೊಂಡೆ. ಕೇಣಿಯ ಬೆಕ್ಕು ತಲೆ ತಿಂದ ಮೇಲೂ ಇಲಿ ಹಿಡಿಯುವುದನ್ನು ಹುಟ್ಟಿದಂದಿನಿಂದ ನೋಡಿದವಳು ನಾನು.

ಆರನೆಯ ಬೆಳಿಗ್ಗೆ ಜೋನ್ ಕಿಟಕಿ ತಟ್ಟಲಿಲ್ಲ. ಬಾಗಿಲಿಗೆ ಬಂದು ನಿಂತಳು. ಅವಳ ಅಂಗೈಯಲ್ಲಿ ಪುಟ್ಟಿಯ ಬಾಲದ ಆ ಸಣ್ಣ ಯಂತ್ರ ಮಾತ್ರ ಇತ್ತು. ನನಗೆ ಯಾರೂ ಅನುವಾದ ಮಾಡಿ ಹೇಳಬೇಕಾಗಲಿಲ್ಲ.

ಅಂದಿನಿಂದ ಅನ್ನ ಹಾಕಲಿಲ್ಲ. ಮೂರನೆಯ ಬೆಳಿಗ್ಗೆ ಬೆಕ್ಕು ಬೋನಿಗೆ ಬಿತ್ತು. ಆಫೀಸಿನ ಮುಂದೆ ಜೀಪಿನಲ್ಲಿಟ್ಟಿದ್ದರು. ನಾನು ಹಾಯುವಾಗ ಗುರುತು ಹಿಡಿದು ಕೂಗಿತು, ಊಟಕ್ಕೆ ಕೂಗುವ ಹಾಗೆಯೇ. ತಲೆ ಬಗ್ಗಿಸಿಕೊಂಡು ನಡೆದೆ.

ನಮ್ಮ ಗಜನಿ ಕಟ್ಟಿನಲ್ಲಿ ಏಡಿಯ ತೂತು ಕಂಡರೂ ಕೂಗಿ ಹೇಳುತ್ತೇವೆ. ಕಂಡೂ ಸುಮ್ಮನಿದ್ದವರನ್ನು ಊರು ಮಾತಾಡಿಸುವುದಿಲ್ಲ. ಅಲ್ಲಿ ಎಲ್ಲರೂ ನನ್ನನ್ನು ಮಾತಾಡಿಸುತ್ತಲೇ ಇದ್ದರು, ಯಾಕೆಂದರೆ ಯಾರಿಗೂ ಗೊತ್ತಿರಲಿಲ್ಲ. ನಾನು ಹೊರಡುವ ದಿನ ಜೋನ್ ಆ ನೀಲಿ ಚೀಲವನ್ನು ಒಗೆದು, ಮಡಚಿ ತಂದುಕೊಟ್ಟಳು. "ಆಯಿ" ಎಂದಳು.

ಈಗ ಕೇಣಿಯಲ್ಲಿದ್ದೇನೆ. ಮೂಗಿನ ತುಂಬ ವಾಸನೆಯಿದೆ, ಕಿವಿಯ ತುಂಬ ಸಮುದ್ರವಿದೆ. ಆದರೂ ಬೆಳಿಗ್ಗೆ ಎದ್ದ ಕೂಡಲೇ ಕಿಟಕಿಯ ಕಡೆ ಕಿವಿ ಹೋಗುತ್ತದೆ. ಮೊದಲ ಮಳೆಗೆ ನೀವು ಕುಣಿದರೆ ನಾನು ಅಲ್ಲಿಯ ಹಳ್ಳ ಬಂತೇನೋ, ಬೇಲಿ ನಿಂತಿದೆಯೇನೋ ಎಂದು ಲೆಕ್ಕ ಹಾಕುತ್ತೇನೆ. ಅಲ್ಲಿದ್ದಾಗ ಇಲ್ಲಿಯವಳ ಹಾಗೆ ನಡೆದುಕೊಂಡೆ. ಇಲ್ಲಿಗೆ ಬಂದು ಅಲ್ಲಿಯವಳ ಹಾಗೆ ಬೆಕ್ಕು ಓಡಿಸುತ್ತಿದ್ದೇನೆ. ಈ ಬೆಕ್ಕಿನದು ಏನೂ ತಪ್ಪಿಲ್ಲ ಎಂದು ಗೊತ್ತು.

ಪಲ್ಲವಿ, ನಿನ್ನ ಇಂಗ್ಲಿಷ್ ಇನ್ನೂ ಎರಡು ವರ್ಷದಲ್ಲಿ ಗಟ್ಟಿಯಾಗುತ್ತದೆ. ಆಗ ಇದನ್ನು ಜೋನ್‌ಗೆ ಬರೆದು ತಿಳಿಸು, ನಾನು ಇರಲಿ, ಇಲ್ಲದಿರಲಿ. ಯಾವುದನ್ನೂ ಬಿಡಬೇಡ, ಆ ಐದು ದಿನವನ್ನಂತೂ ಬಿಡಲೇಬೇಡ. ವಿನಾಯಕ, ಟ್ರಂಕಿನ ತಳದಲ್ಲಿ ನೀಲಿ ಚೀಲ ಇದೆ. ಅಲ್ಲಿಯವರೆಗೆ ಈ ಹಾಳೆಗಳನ್ನು ಅದರೊಳಗೆ ಜೋಪಾನವಾಗಿಡು.