ಕರೆಂಟು ಹೋದಾಗ ಹೊತ್ತುವ ಬಲ್ಬು

ಸಾಂತೊ ಡೊಮಿಂಗೊ ಪಟ್ಟಣದಲ್ಲಿ, ಒಸಾಮಾ ಹೊಳೆಯ ಇಳಿಜಾರಿಗೆ ಅಂಟಿಕೊಂಡ ತಗಡಿನ ಮನೆಗಳಲ್ಲಿ ನೂರಿಸ್ ಎಂಬವಳದು ಕೊನೆಯದು. ಇಸ್ತ್ರಿ ಅವಳ ಕಸುಬು. ದಿಬ್ಬದ ಮೇಲಿನ ದೊಡ್ಡ ಮನೆಯವರ ಬಟ್ಟೆಯೆಲ್ಲ ಅವಳ ಕೈಗೇ ಬರುತ್ತಿತ್ತು. ಕೆಳಗೆ ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಮೇಲೆ ನಾಯಿ ಮಲಗುವ ಕೋಣೆಗೂ ಏಸಿ.

ಅವಳ ಇಸ್ತ್ರಿಪೆಟ್ಟಿಗೆಗೂ ಮನೆಯ ಬಲ್ಬಿಗೂ ಎಂದು ಗಂಡ ಎಲಿಹಿಯೊ ಆ ದೊಡ್ಡ ಮನೆಗೆ ಹೋಗುವ ತಂತಿಗೆ ಕದ್ದು ಕೊಕ್ಕೆ ಹಾಕಿದ್ದ. ಒಂದು ಸಂಜೆ ಕೊಕ್ಕೆ ಸಡಿಲವಾಯಿತೆಂದು ಕಂಬ ಹತ್ತಿದ. ಕರೆಂಟು ಹೋಗಿತ್ತು. ಇಲ್ಲಿ ಎಲ್ಲರೂ ಹತ್ತುವುದು ಆಗಲೇ. ಆದರೂ ತಂತಿ ಅವನನ್ನು ಹಿಡಿಯಿತು. ಸತ್ತ ತಂತಿ ಹೇಗೆ ಹಿಡಿಯಿತೋ ಯಾರಿಗೂ ತಿಳಿಯಲಿಲ್ಲ.

ಸತ್ತ ಎಲಿಹಿಯೊಗಾಗಿ ಒಂಬತ್ತು ದಿನದ ಪ್ರಾರ್ಥನೆ ಮುಗಿದ ಸಂಜೆ ಮತ್ತೆ ಕರೆಂಟು ಹೋಯಿತು. ಓಣಿಯೆಲ್ಲ ಕಪ್ಪು. ನೂರಿಸ್ ಮನೆಯ ಬಲ್ಬು ಮಾತ್ರ ಕೆಂಪಗೆ, ಉಸಿರಾಡುವಂತೆ ಹೊತ್ತಿಕೊಂಡಿತು.

"ನಿನ್ ಗಂಡ ಬಂದವ್ನೆ ಕಣೇ," ಪಕ್ಕದ ಮನೆಯ ಮೆರೆಹಿಲ್ಡಾ ಶಿಲುಬೆ ಗುರುತು ಹಾಕಿಕೊಂಡಳು. "ಬದುಕಿದ್ದಾಗ ಒಂದಿನಾನೂ ಹೊತ್ತಿಗೆ ಸರಿಯಾಗಿ ಮನೆ ಸೇರ್ಲಿಲ್ಲ. ಈಗ ನೋಡು!"

ನೂರಿಸ್ ನಕ್ಕಳು. ಅವನು ಹೋದಮೇಲೆ ಅದೇ ಮೊದಲು. ಸತ್ತವರಿಗೆ ಬಾಯಾರುತ್ತದೆಂದು ಬಲ್ಬಿನ ಕೆಳಗೆ ಒಂದು ಲೋಟ ನೀರಿಟ್ಟಳು. ಆಮೇಲೆ ದಿನಾ ಕರೆಂಟು ಹೋಗಲೆಂದೇ ಕಾದಳು. ಹೋದರೆ ಅವನು ಬರುತ್ತಿದ್ದ. ಆಗಲೇ ಅವಳ ಊಟ.

ಒಂದು ಮುಸ್ಸಂಜೆ, ಅವಳು ಲೋಟ ತುಂಬಿಸಿಡುತ್ತಿದ್ದಾಗ ಮೈದುನ ಪ್ಲಾಸಿದೊ ಹಗ್ಗ ಹಿಡಿದು ಬಂದ.

"ಅತ್ತಿಗೆ, ಅಣ್ಣನ ಕೊಕ್ಕೆಯಿಂದ ನಮ್ಮನೆಗೂ ಒಂದು ವೈರು ಎಳ್ಕೋತೀನಿ. ಕರೆಂಟು ಹೋಗೈತೆ, ಈಗ್ಲೇ ಹತ್ಬೇಕು."

"ಕಾಫಿ ಕುಡ್ದು ಹೋಗು. ನಿಮ್ಮಣ್ಣಾನೂ ಬರ್ತಾನೆ ಈಗ."

"ಹಂಗಾದ್ರೆ ನನ್ ಪಾಲಿಂದು ಅವ್ನಿಗೇ ಕೊಡು," ನಗುತ್ತ ಹೊರಟೇಬಿಟ್ಟ.

ಆಗ ದಿಬ್ಬದ ಮೇಲೆ ಜನರೇಟರ್ ಗುರುಗುಟ್ಟಿತು. ಬಲ್ಬು ಹೊತ್ತಿತು. ಸದ್ದು ತಗ್ಗಿದಾಗ ಮಂಕಾಯಿತು, ಏರಿದಾಗ ಕೆಂಪೇರಿತು. ಆ ಸದ್ದನ್ನು ಅವಳು ಎಷ್ಟೋ ವರ್ಷದಿಂದ ಕೇಳಿದ್ದಳು. ಬಲ್ಬು ನೋಡುತ್ತ ಕೇಳಿರಲಿಲ್ಲ.

ಉಸಿರು ಆ ಮಿಷನ್ನಿನದು. ಅದರ ಕರೆಂಟು ದೊಡ್ಡ ಮನೆಯ ಗೋಡೆ ದಾಟಿ ಸತ್ತ ತಂತಿಗೆ ಹರಿದು ಬರುತ್ತಿತ್ತು. ಇಷ್ಟು ದಿನ ಅವಳು ನೀರಿಟ್ಟದ್ದು ಗಂಡನನ್ನು ಕೊಂದ ಆ ಕರೆಂಟಿಗೆ.

ಹೊರಗೆ ಓಡಿದಳು. ಪ್ಲಾಸಿದೊ ಅರ್ಧ ಕಂಬದಲ್ಲಿದ್ದ.

"ಇಳಿಯೋ! ತಂತಿ ಸತ್ತಿಲ್ಲ!"

"ಕರೆಂಟು ಹೋಗೈತಲ್ಲ ಅತ್ತಿಗೆ!"

"ನಮಗೆ ಹೋಗೈತೆ, ಮೇಲ್ನೋರಿಗೆ ಹೋಗಿಲ್ಲ. ನಿಮ್ಮಣ್ಣಾನೂ ಹಿಂಗೇ ನಂಬಿದ್ದ. ಇಳಿ!"

ಅವನು ಇಳಿದ. ನೂರಿಸ್ ಒಣಗಿದ ಬಿದಿರಿನ ಕೋಲು ತಂದು, ಎತ್ತಿ, ಕೊಕ್ಕೆಯನ್ನು ತಾನೇ ಕೆಡವಿದಳು. ಮನೆಯೊಳಗೆ ಕತ್ತಲಾದದ್ದು ತಿರುಗಿ ನೋಡದೆಯೇ ಗೊತ್ತಾಯಿತು. ಮೇಲೆ ಜನರೇಟರ್ ಗುರುಗುಟ್ಟುತ್ತಲೇ ಇತ್ತು.

ಒಳಗೆ ಬಂದು ಲೋಟ ತಡವಿದಳು. ತುಂಬಿಸಿಟ್ಟದ್ದು ಅರ್ಧವಾಗಿತ್ತು.

ಮಿಕ್ಕದ್ದನ್ನು ಅವಳು ಕುಡಿದಳು.