ಎದೆಗೆ ತೆಲುಗಿನಲ್ಲಿ ಏನೆನ್ನುತ್ತಾರೆ

...ಅಥವಾ ಅವಳು ಕೈ ಇಟ್ಟುಕೊಂಡದ್ದು ಎದೆಯ ನಡುವೆಯೇ ಇರಬಹುದು. ಎಡಗಡೆ ಎಂದು ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ, ಹೆಂಡತಿಗೂ ಹಾಗೇ ಹೇಳಿದ್ದೇನೆ. ಆದರೆ ಅಕ್ಕ ಆವತ್ತು ಸೆರಗನ್ನು ಎರಡೂ ಭುಜದ ಮೇಲೆ ಹೊದ್ದು ಕೂತಿದ್ದಳು. ಸೆರಗಿನ ಒಳಗೆ ಕೈ ಎಲ್ಲಿತ್ತೆಂದು ನನಗೆ ಕಂಡಿರಲು ಸಾಧ್ಯವೇ ಇಲ್ಲ. ಕಾಣದ್ದನ್ನು ನೆನಪಿಟ್ಟುಕೊಂಡಿದ್ದೇನೆ. ಕಲ್ಯಾಣದುರ್ಗದ ಆ ಕ್ಲಿನಿಕ್ಕಿನ ಗೋಡೆ ಹಸಿರು ಎಂದೂ ನೆನಪಿದೆ. ಆಮೇಲೊಮ್ಮೆ ಆ ಬೀದಿಯಲ್ಲಿ ಹೋಗುವಾಗ ಇಣುಕಿ ನೋಡಿದೆ, ತಿಳಿನೀಲಿ. ಅವರು ಹೊಸದಾಗಿ ಬಳಿಸಿದರೋ, ನಾನೇ ಹಸಿರು ಬಳಿದುಕೊಂಡಿದ್ದೆನೋ.

ಒಂದು ಮಾತ್ರ ಖಚಿತ. ಅವಳು ಹೇಳಿದ ಮಾತು 'ಎದೆ'.

ಕಲ್ಯಾಣದುರ್ಗ ಅಕ್ಕನ ಗಂಡನ ಊರು, ನಮ್ಮದು ಹಿಂದೂಪುರ, ಎರಡೂ ಗಡಿಯಾಚೆ ಆಂಧ್ರದಲ್ಲಿ. ಎರಡೂ ಕಡೆಯವರು ನೇಯುವವರು. ನಾನೊಬ್ಬ ಮಗ್ಗ ಬಿಟ್ಟು ಮೇಷ್ಟ್ರಾದೆ. ಪರಿಗಿ ಕಡೆಯ ಒಂದು ಕನ್ನಡ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ದೇಹದ ಭಾಗಗಳ ಪಾಠ ವರ್ಷಕ್ಕೊಮ್ಮೆ ಬರುತ್ತದೆ. ಶಾಲೆಗೆ ಬರುವ ಚಾರ್ಟು ತೆಲುಗಿನದು, ಅದರ ಮೇಲೆ ಕನ್ನಡದ ಚೀಟಿ ಅಂಟಿಸುತ್ತೇನೆ: ಹೃದಯ, ಶ್ವಾಸಕೋಶ, ಪಿತ್ತಜನಕಾಂಗ, ಮೂತ್ರಪಿಂಡ. ಮಕ್ಕಳು ಇವನ್ನು ಬಾಯಿಪಾಠ ಮಾಡುತ್ತಾರೆ, ಆದರೆ ನಂಬುವುದಿಲ್ಲ. ಅವರಿಗೆ ಗೊತ್ತಿರುವ ದೇಹ ಭಾನುವಾರದ ಮಟನ್ ಅಂಗಡಿಯದು. ಪಿತ್ತಜನಕಾಂಗ ಎಂದರೆ ಸುಮ್ಮನೆ ಕೂರುತ್ತಾರೆ, ಕಾರ್ಜ ಎಂದರೆ ಕಣ್ಣರಳುತ್ತದೆ. ಸಣ್ಣ ಕರುಳಿನ ಪ್ರಶ್ನೆಗೆ ಒಬ್ಬ ಹುಡುಗಿ 'ಮನುಷ್ಯನ ಬೋಟಿ ಸುಮಾರು ಆರು ಮೀಟರ್ ಉದ್ದವಿರುತ್ತದೆ' ಎಂದು ಬರೆದಿದ್ದಳು. ಪೂರ್ತಿ ಅಂಕ ಕೊಟ್ಟೆ.

ಚಾರ್ಟಿನಲ್ಲಿ ನಿಂತಿರುವವನು ಗಂಡಸು. ಅರ್ಧ ಮೈಗೆ ಚರ್ಮವಿಲ್ಲ, ಮುಖದಲ್ಲಿ ನೋವಿಲ್ಲ. ಹೆಂಗಸಿನ ಮೈಯ ಚಾರ್ಟು ನಮ್ಮ ಶಾಲೆಗೆ ಬಂದಿಲ್ಲ. ಬಂದಿದ್ದರೂ ಬೀರುವಿನಲ್ಲಿ ಸುತ್ತಿಟ್ಟಿರುತ್ತಿದ್ದೆವು. ಸಂತಾನೋತ್ಪತ್ತಿಯ ಪಾಠ ಬಂದಾಗ ನಾನೂ ಎಲ್ಲರ ಹಾಗೆ, ಇದನ್ನು ಮನೆಯಲ್ಲಿ ಓದಿಕೊಳ್ಳಿ ಎಂದು ಪುಟ ತಿರುಗಿಸಿದವನು.

ಅಕ್ಕ ಫೋನು ಮಾಡಿದ್ದು ಯುಗಾದಿ ಕಳೆದ ಮೇಲೆ. ಎದೆ ನೋಯುತ್ತಿದೆ, ಭಾವ ಸೀರೆ ಕೊಟ್ಟು ಬರಲು ಧರ್ಮಾವರಕ್ಕೆ ಹೋಗಿದ್ದಾರೆ, ನೀನೊಂದು ಸಲ ಬಂದು ಹೋಗು ಎಂದಳು. ನಾನು ಹೋಗುವ ಹೊತ್ತಿಗೆ ಅವಳ ಅತ್ತೆ ಕಾರಣವನ್ನು ತೀರ್ಮಾನ ಮಾಡಿ ಮುಗಿಸಿದ್ದರು. ಗುಂಡಿಯಲ್ಲಿ ಕಾಲು ಇಳಿಬಿಟ್ಟು ಮಗ್ಗದ ಮುಂದೆ ದಿನವಿಡೀ ಬಾಗುವುದು, ನೇಯ್ದ ಸೀರೆ ಸುತ್ತಿಕೊಳ್ಳುವ ಮರ ಎದೆಗೆ ಒತ್ತುವುದು, ಇಷ್ಟು ವರ್ಷಕ್ಕೆ ನೋಯದೆ ಏನಾಗುತ್ತದೆ ಎಂದರು. ಅದೂ ಸರಿ ಅನಿಸಿತು. ಆದರೂ ಕರೆದುಕೊಂಡು ಹೋದೆ.

ಡಾಕ್ಟರು ಗಂಡಸು, ತೆಲುಗಿನವರು. ಅಕ್ಕನಿಗೆ ತೆಲುಗು ಬಾರದೆ ಇರಲಿಲ್ಲ. ನನಗಿಂತ ಚೆನ್ನಾಗಿ ಮಾತಾಡುತ್ತಿದ್ದಳು. ನೂಲು ಕೊಡುವವರ ಜೊತೆ ಜಗಳವಾಡುವುದು, ಅತ್ತೆ ಸೊಸೆಯರ ಗಾದೆ ಬಿಡುವುದು ಎಲ್ಲ ತೆಲುಗಿನಲ್ಲೇ. ಆದರೆ ಡಾಕ್ಟರು ಏನಮ್ಮಾ ಎಂದು ಕೇಳಿದಾಗ ಅವರ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದಳು.

"ಎದೆ ನೋಯ್ತೈತೆ ಕಣ್ಲಾ. ನೀನೇ ಹೇಳು."

ಕನ್ನಡದಲ್ಲಿ ಹೇಳಿದಳು. ಬಾಗಿಲಿಲ್ಲದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡ ಹಾಗಿತ್ತು ಅದು.

ತೆಲುಗಿನಲ್ಲಿ ನನ್ನ ಮುಂದೆ ಎರಡು ಮಾತು ಇದ್ದವು. ಒಂದು ಗುಂಡೆ. ನಮ್ಮ ಗುಂಡಿಗೆಯೇ ಅದು, ಯಾರ ಮುಂದೆಯಾದರೂ ಆಡಬಹುದು. ಇನ್ನೊಂದು ರೊಮ್ಮು. ಅದು ಎದೆಯೂ ಹೌದು, ಮೊಲೆಯೂ ಹೌದು. ಕನ್ನಡದ ಎದೆಯೂ ಅಂಥದೇ ಎಂದು ಈಗ ಬರೆಯುವುದು ಸುಲಭ. ನಮ್ಮ ಮನೆಯ ಹೆಂಗಸರು ಮೊಲೆ ಎನ್ನಬೇಕಾದಲ್ಲೆಲ್ಲ ಎದೆ ಎಂದು ದಾಟಿಕೊಳ್ಳುತ್ತಾರೆ. ಮಗು ಅತ್ತರೆ ಎದೆ ಕೊಡು ಎನ್ನುತ್ತಾರೆ. ಇದನ್ನು ಕೇಳುತ್ತಲೇ ಬೆಳೆದವನು ನಾನು.

ಗುಂಡೆಲ್ಲೋ ನೊಪ್ಪಿ ಸಾರ್, ಎಂದೆ. ಗುಂಡಿಗೆಯಲ್ಲಿ ನೋವು.

ಇದನ್ನು ಇನ್ನೊಂದು ರೀತಿಯಲ್ಲೂ ಬರೆದು ನೋಡಿದ್ದೇನೆ. ಅದರಲ್ಲಿ ನಾನು ಬಾಯಿ ತೆರೆಯುವ ಮೊದಲೇ ಡಾಕ್ಟರು ಗುಂಡೆನಾ ಎಂದು ಕೇಳುತ್ತಾರೆ, ನಾನು ತಲೆಯಾಡಿಸುತ್ತೇನೆ. ಹಾಗಾದರೆ ತಪ್ಪಿನಲ್ಲಿ ಅರ್ಧ ಅವರ ಪಾಲಿಗೆ ಹೋಗುತ್ತದೆ. ಆ ಪುಟ ಚೆನ್ನಾಗಿ ಓದಿಸಿಕೊಂಡು ಹೋಗುತ್ತಿತ್ತು. ಅದಕ್ಕೇ ಹರಿದು ಹಾಕಿದೆ.

ಪರದೆಯ ಹಿಂದೆ ಮಲಗಿಸಿ ಇಸಿಜಿ ತೆಗೆದರು. ನರ್ಸಮ್ಮ ಒಳಗಿದ್ದಳು, ನಾನು ಹೊರಗೆ. ಕಾಗದ ನೋಡಿ ಡಾಕ್ಟರು, ಗುಂಡೆ ಕಲ್ಲಿನ ಹಾಗಿದೆಯಮ್ಮ, ನೂರು ವರ್ಷ ಏನೂ ಆಗುವುದಿಲ್ಲ, ಇದು ಗ್ಯಾಸು ಎಂದು ನಕ್ಕರು. ಮಾತ್ರೆ ಬರೆದುಕೊಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಗುಂಡಿಗೆ ಎಂದೆ, ಗುಂಡಿಗೆ ನೋಡಿದರು. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುತ್ತಾ ಅಕ್ಕ ಹೇಳಿದಳು:

"ಕಲ್ಲಂತೆ ಕಣ್ಲಾ ನಂದು. ನಿಮ್ಮ ಭಾವ ಈಸು ವರ್ಷದಿಂದ ಅದ್ನೇ ಅಲ್ವಾ ಹೇಳ್ತಿರಾದು."

ಇಬ್ಬರೂ ನಕ್ಕೆವು. ಬಸ್ ಸ್ಟ್ಯಾಂಡಿನ ಹತ್ತಿರ ಬೋಂಡಾ ತಿಂದೆವು. ಅವಳ ಮುಖ ನಿರಾಳವಾಗಿತ್ತು ಎಂದು ಮೊದಲು ಬರೆದಿದ್ದೆ. ನಿರಾಳವಾಗಿದ್ದುದು ನನ್ನ ಮುಖ. ಅವಳದನ್ನು ನಾನು ನೋಡಲಿಲ್ಲ.

ಅವಳು ಗ್ಯಾಸಿನ ಮಾತ್ರೆ ನುಂಗುತ್ತಾ ಬೇಸಿಗೆ ಕಳೆದಳು, ಮಳೆಗಾಲ ಕಳೆದಳು. ಫೋನಿನಲ್ಲಿ ಕೇಳಿದರೆ ಪರವಾಗಿಲ್ಲ ಎನ್ನುತ್ತಿದ್ದಳು. ದೀಪಾವಳಿಗೆ ಹಿಂದೂಪುರಕ್ಕೆ ಬಂದಾಗ ಬೆಳಿಗ್ಗೆ ತಲೆ ಬಾಚಿಕೊಳ್ಳಲು ಎಡಗೈ ಎತ್ತಲಾರದೆ ಹೋದದ್ದನ್ನು ನನ್ನ ಹೆಂಡತಿ ಕಂಡಳು. ತಾನೇ ಬಾಚಿಕೊಡುತ್ತೇನೆಂದು ಕೂರಿಸಿಕೊಂಡಳು. ಅರ್ಧ ಗಂಟೆಯ ಮೇಲೆ ನನ್ನನ್ನು ಅಡುಗೆಮನೆಗೆ ಕರೆದು, ಅಕ್ಕನಿಗೆ ಅಲ್ಲಿ ಗಂಟಾಗಿದೆ, ಗಟ್ಟಿಯಾಗಿದೆ ಎಂದಳು. ಅಲ್ಲಿ ಎಂದರೆ ಎಲ್ಲಿ ಎಂದು ಕೇಳಿದೆ. ಅವಳು ಒಲೆಯ ಕಡೆ ತಿರುಗಿಕೊಂಡಳು.

"ಅಲ್ಲಿ ಅಂದ್ರೆ ಅಲ್ಲೇ. ಮೇಷ್ಟ್ರಿಗೆ ಬಿಡಿಸಿ ಬೇರೆ ಹೇಳ್ಬೇಕಾ?"

ಆವತ್ತೇ ಊರಿನ ಒಬ್ಬ ಲೇಡಿ ಡಾಕ್ಟರ ಹತ್ತಿರ ಹೋದೆವು. ಹೆಂಡತಿ ಅಕ್ಕನ ಜೊತೆ ಒಳಗೆ ಹೋದಳು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಪರದೆ ತೆಳ್ಳಗಿತ್ತು. ಆ ಡಾಕ್ಟರಮ್ಮ ರೊಮ್ಮು ಎಂಬ ಮಾತನ್ನು ಕೈ, ಕಾಲು ಎನ್ನುವ ಹಾಗೆ ಅಂದರು. ರೊಮ್ಮಿನಲ್ಲಿ ಗಡ್ಡ ಎಂದರು, ಎಷ್ಟು ದಿನದಿಂದ ಎಂದು ಕೇಳಿದರು. ತೆಲುಗಿನವರಿಗೆ ಗಡ್ಡ ಎಂದರೆ ಗಂಟು. ಅಕ್ಕ ಏನು ಉತ್ತರ ಕೊಟ್ಟಳೆಂದು ಕೇಳಿಸಲಿಲ್ಲ. ಕೇಳಿಸದ ಹಾಗೆ ಮೆಲ್ಲಗೆ ಹೇಳಿದಳೋ, ಆ ಹೊತ್ತಿಗೆ ನಾನೇ ಎದ್ದು ಬಾಗಿಲಾಚೆ ಹೋಗಿದ್ದೆನೋ. ಹೊರಗೆ ಬಂದವಳು ಗಲ್ಲ ಸವರಿಕೊಂಡಳು.

"ಗಡ್ಡ ಬಂದೈತಂತೆ ಕಣ್ಲಾ ನಂಗೆ. ಒಂದು ಬ್ಲೇಡು ತಂದ್ಕೊಡು."

ಹೆಂಡತಿ ನಗಲು ಹೋಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆ ಮಾತನ್ನು ಅಕ್ಕ ಆಮೇಲೆ ಎಲ್ಲರಿಗೂ ಹೇಳಿದಳು, ಬೆಂಗಳೂರಿನ ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವರಿಗೂ. ಅವರಿಗೆ ತೆಲುಗು ಬರುತ್ತಿರಲಿಲ್ಲ. ನಗೆ ಎಲ್ಲಿದೆ ಎಂದು ವಿವರಿಸಿ ಹೇಳಿ ನಗಿಸಿದಳು.

ಬೆಂಗಳೂರಿನಲ್ಲಿ ಕಂಕುಳಿಗೂ ಹಬ್ಬಿದೆ ಎಂದರು. ಹದಿನೈದು ದಿನ ಬಿಟ್ಟು ಬೆನ್ನುಮೂಳೆ ಎಂದರು. ಆಮೇಲೆ ಲಿವರ್ ಎಂದರು. ಪಿತ್ತಜನಕಾಂಗ ಎಂದು ಅಲ್ಲಿ ಯಾರೂ ಅನ್ನಲಿಲ್ಲ. ಮೊದಲೇ ಬಂದಿದ್ದರೆ ಆಪರೇಷನ್ ಮಾಡಬಹುದಿತ್ತು ಎಂದು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಹೇಳಿದರು. ಮೊದಲು ಎಂದರೆ ಎಷ್ಟು ಮೊದಲು ಎಂದು ನಾನು ಕೇಳಲಿಲ್ಲ. ಮಾತ್ರೆ, ಡ್ರಿಪ್, ಕೂದಲು ಉದುರುವುದು ಎಲ್ಲ ನಡೆಯಿತು. ಯಾವುದೂ ಹಿಡಿಯಲಿಲ್ಲ. ಕೊನೆಗೆ ಮನೆಗೆ ಕರೆದುಕೊಂಡು ಹೋಗಿ ಎಂದರು. ಅಕ್ಕ ಕಲ್ಯಾಣದುರ್ಗಕ್ಕೆ ಎಂದಳು.

ಅಲ್ಲಿಗೆ ನಾನು ಪ್ರತಿ ಭಾನುವಾರ ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಭಾವ ಪಕ್ಕದ ಕೋಣೆಯಲ್ಲಿ ನೇಯುತ್ತಿದ್ದರು. ಮಗ್ಗದ ಸದ್ದಿನಲ್ಲಿ ನಮ್ಮ ಮಾತು ಅವರಿಗೆ ಕೇಳಿಸುವ ಹಾಗಿರಲಿಲ್ಲ. ಆಗ ಕೇಳಿದೆ.

"ಆವತ್ತು ನಾವು ಕ್ಲಿನಿಕ್ಕಿಗೆ ಹೋದಾಗ್ಲೇ ಗಂಟು ಇತ್ತಾ ಅಕ್ಕಯ್ಯ?"

"ಇಲ್ದಿದ್ರೆ ನಿನ್ನ ಯಾಕೆ ಕರೀಲಿ?"

"ಮತ್ತೆ ಹೇಳ್ಲೇ ಇಲ್ಲ."

"ಎದೆ ಅಂದೆನಲ್ಲ. ತಮ್ಮನಿಗೆ ಇನ್ನೆಂಗೆ ಹೇಳ್ಲಿ? ಮೈಯೆಲ್ಲ ಓದ್ಕಂಡವ್ನೆ, ತಿಳ್ಕತಾನೆ ಅನ್ಕಂಡೆ."

ಬೈಗುಳದ ದನಿ ಅಲ್ಲ. ದಿಂಬನ್ನು ಸ್ವಲ್ಪ ಮೇಲಕ್ಕೆ ಎಳೆಯಲು ಹೇಳಿದಳು, ಎಳೆದೆ. ನಾನು ಗುಂಡೆ ಎಂದದ್ದು ಅವಳಿಗೆ ಕೇಳಿಸಿತ್ತಲ್ಲ, ಆಗಲಾದರೂ ತಡೆಯಬಹುದಿತ್ತಲ್ಲ ಎಂದೆ. ಈ ಪ್ರಶ್ನೆ ಕೇಳಿದ್ದು ಆವತ್ತೋ ಇನ್ನೊಂದು ಭಾನುವಾರವೋ, ಎರಡು ದಿನ ಸೇರಿ ಒಂದಾಗಿರಬಹುದು. ಉತ್ತರ ಮಾತ್ರ ಅವಳದೇ. ಮೈಗೆ ವೈರು ಅಂಟಿಸಿ ನೋಡಿದರಲ್ಲ, ಎದೆಯಲ್ಲಿ ಇರುವುದನ್ನೆಲ್ಲ ಆ ಯಂತ್ರ ಸೇರಿಸಿಯೇ ನೋಡಿತು ಎಂದುಕೊಂಡಿದ್ದಳು. ಯಂತ್ರವೇ ಏನಿಲ್ಲ ಎಂದಮೇಲೆ ಗಂಟೂ ಏನಲ್ಲ ಎಂದುಕೊಂಡಿದ್ದಳು. ಆರೇಳು ತಿಂಗಳು ಹಾಗೇ ಅಂದುಕೊಂಡಿದ್ದಳು.

ಅವಳು ಮುಂದಿನ ಯುಗಾದಿಯನ್ನು ನೋಡಲಿಲ್ಲ.

ಯುಗಾದಿಯಲ್ಲೇ ಗೊತ್ತಾಗಿದ್ದರೆ ಉಳಿಯುತ್ತಿದ್ದಳೇ ಎಂದು ನಮ್ಮೂರಿನ ಡಾಕ್ಟರಮ್ಮನನ್ನು ಕೇಳಲು ಎರಡು ಸಲ ಹೋಗಿದ್ದೆ. ಟೋಕನ್ ತೆಗೆದುಕೊಂಡು ಕೂತು, ನನ್ನ ನಂಬರು ಬರುವ ಮೊದಲೇ ಎದ್ದು ಬಂದೆ. ಈಗ ಅವರು ಊರು ಬಿಟ್ಟು ಹೋಗಿದ್ದಾರೆ. ಬೇರೆಯವರನ್ನು ಕೇಳಬಹುದು, ಕೇಳಿಲ್ಲ. ಆದ್ದರಿಂದ ಅದು ನನಗೆ ಗೊತ್ತಿಲ್ಲ. ಆವತ್ತು ಅಕ್ಕ ಏನು ಹೇಳುತ್ತಿದ್ದಾಳೆಂದು ನನಗೆ ಅರ್ಥವಾಗಿರಲಿಲ್ಲವೋ, ಅರ್ಥವಾಗಿಯೂ ಆ ಇನ್ನೊಂದು ಮಾತು ನನ್ನ ಬಾಯಿಗೆ ಬರಲಿಲ್ಲವೋ, ಅದೂ ಗೊತ್ತಿಲ್ಲ.