ಮಗಳಿಗೆ ಹೇಳದೆ ತಿರುಗಿಸಿದ ನಟ್ಟು

ನಮ್ಮ ಭಾವನಿಗೆ ಗಿರಾಕಿಗಳು ಇಟ್ಟ ಹೆಸರು ‘ಅರ್ಧಸುತ್ತು’. ಯಾವ ಕಾರು ಬಂದರೂ ಅದರ ಕೆಳಗೆ ತೂರಿಕೊಂಡು, ನಟ್ಟನ್ನು ಅರ್ಧ ಸುತ್ತು ತಿರುಗಿಸಿ, “ಇವತ್ತಿಗೆ ಇಷ್ಟು ಸಾಕು, ಓಡಿಸಿ ನೋಡ್ಕೊಂಡು ಬನ್ನಿ” ಎಂದು ಎದ್ದುಬಿಡುವ ಮನುಷ್ಯ. ಒಂದು ದಿನದ ಕೆಲಸಕ್ಕೆ ನಾಲ್ಕು ದಿನ. ಪಕ್ಕದಲ್ಲೇ ನನ್ನ ಟೈರ್ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಈ ಆಮೆ ನಡಿಗೆ ನೋಡಿ ನೋಡಿ ನನಗೆ ತಲೆ ಕೆಟ್ಟಿದೆ. ಅಕ್ಕನನ್ನು ಕೊಟ್ಟ ತಪ್ಪಿಗೆ ಬಾಯಿ ಮುಚ್ಚಿಕೊಂಡಿದ್ದೇನೆ.

ಅವರ ಹತ್ತಿರ ಬರುವುದು ಇಂಜಿನ್ನಿನ ಬಲವೆಲ್ಲ ಹಿಂದಿನ ಚಕ್ರಗಳಿಗೆ ಹೋಗುವ ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳು. ತಿರುವಿನಲ್ಲಿ ಸ್ವಲ್ಪ ಎಚ್ಚರ ತಪ್ಪಿದರೆ ಸಾಕು, ಅವುಗಳ ಹಿಂಭಾಗ ಜಾರಿ ಪಕ್ಕಕ್ಕೆ ಬಂದುಬಿಡುತ್ತದೆ. ಭಾವ ಮೊದಲು ಪಕ್ಕದ ಸೀಟಿನಲ್ಲಿ ಕೂತು, ಕಾರನ್ನಲ್ಲ, ಓಡಿಸುವವರ ಕೈಗಳನ್ನು ನೋಡುತ್ತಾರೆ. “ಕಾರಿಗೆ ಬುದ್ಧಿ ಹೇಳೋದು ನನ್ನ ಕೆಲಸ ಅಲ್ಲ. ಅದು ಮುಂದೇನು ಮಾಡುತ್ತೆ ಅಂತ ಓಡಿಸೋರಿಗೆ ಮೊದಲೇ ಗೊತ್ತಾಗ್ಬೇಕು, ಅಷ್ಟೇ” ಎನ್ನುತ್ತಾರೆ. ಈ ಒಂದು ಮಾತನ್ನು ಅವರಷ್ಟು ನಿಯತ್ತಾಗಿ ನಡೆಸಿಕೊಂಡು ಬಂದವರನ್ನು ನಾನು ಬೇರೆ ಕಂಡಿಲ್ಲ.

ಒಬ್ಬಳೇ ಮಗಳು. ವಾರವೆಲ್ಲ ಔಷಧಿ ಅಂಗಡಿಯಲ್ಲಿ ಕೆಲಸ, ಭಾನುವಾರ ಊರಾಚೆಯ ಟ್ರ್ಯಾಕಿನಲ್ಲಿ ರೇಸು. ಗುಜರಿಯಿಂದ ತಂದ ಕಾರನ್ನು ಅಪ್ಪ ಮಗಳು ಸೇರಿ ನಾಲ್ಕು ವರ್ಷ ಒದ್ದಾಡಿ ಎಬ್ಬಿಸಿದ್ದರು. ಅವಳಿಗೆ ಅದರ ಹಿಂಭಾಗ ಸಡಿಲವಾಗಿಯೇ ಇರಬೇಕು. ತಿರುವು ಬಂದೊಡನೆ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಾಳೆ, ಹಿಂಭಾಗ ತಾನಾಗಿ ಸುತ್ತಿ ಬರುತ್ತದೆ, ಅದನ್ನು ಅಲ್ಲೇ ಹಿಡಿದು ಮುಂದಕ್ಕೆ ಹಾರುತ್ತಾಳೆ. ಅವಳಿಗೆ ಅದು ನೀರು ಕುಡಿದಷ್ಟು ಸಲೀಸು. ನೋಡುವ ನಮಗೆ ಜೀವ ಬಾಯಿಗೆ ಬರುತ್ತದೆ.

ಒಮ್ಮೆ ಮಳೆ ನಿಂತ ಮೇಲೆ ಅಭ್ಯಾಸ ಮಾಡುವಾಗ ಕಾರು ಎರಡು ಸುತ್ತು ಗಿರ್ರನೆ ತಿರುಗಿ, ಗೋಡೆಗೆ ಒಂದು ಗೇಣು ಉಳಿದಿರುವಾಗ ನಿಂತಿತು. ಅವಳು ನಗುತ್ತಾ ಇಳಿದಳು. ಬೇಲಿಯ ಈಚೆ ನಿಂತಿದ್ದ ಭಾವ ನೀರಿನ ಬಾಟಲಿಯ ಮುಚ್ಚಳ ತೆಗೆಯಲಾರದೆ ಅದನ್ನು ನನ್ನ ಕೈಗೆ ಕೊಟ್ಟರು.

“ಹಿಂದೆ ಸ್ವಲ್ಪ ಬಿಗಿ ಹಿಡಿಯೋ ಹಾಗೆ ಮಾಡ್ಲಾ ಕಂದ?” ಎಂದು ವಾರವೆಲ್ಲ ಕೇಳಿದರು.

“ಬೇಡಪ್ಪ. ಅದು ಹೀಗಿದ್ರೇನೇ ನಂಗೆ ಗೊತ್ತಾಗೋದು.”

ಭಾವ ಅಕ್ಕನ ಹತ್ತಿರ ಹೇಳಿಕೊಂಡರೆ ಅವಳು, “ಹತ್ತು ವರ್ಷದವಳನ್ನ ಸ್ಟೀರಿಂಗ್ ಹಿಂದೆ ಕೂರಿಸಿದ್ದು ನಾನಾ? ಮಾಡಿದ್ದುಣ್ಣೋ ಮಹರಾಯ!” ಎಂದು ಒಳಗೆ ಹೋದಳು. ಒಳಗೆ ಹೋಗಿ ಅತ್ತಿದ್ದು ನನಗೆ ಗೊತ್ತು.

ಗುರುವಾರ ಮಧ್ಯಾಹ್ನ ಹೊಸ ಟೈರು ಉರುಳಿಸಿಕೊಂಡು ಹೋದರೆ ಭಾವ ಮಗಳ ಕಾರಿನ ಕೆಳಗಿದ್ದರು. ಹಿಂದಿನ ಚಕ್ರಗಳ ಮುಂತುದಿಗಳನ್ನು ಒಳಮುಖ ಮಾಡುತ್ತಿದ್ದರು. ಹಾಗೆ ಮಾಡಿದರೆ ಹಿಂಭಾಗ ನೆಲ ಬಿಡುವುದಿಲ್ಲ, ಸುಲಭಕ್ಕೆ ಜಾರುವುದಿಲ್ಲ. ಸ್ಪ್ಯಾನರ್ ಅರ್ಧ ಸುತ್ತಿಗೆ ನಿಲ್ಲಲಿಲ್ಲ. ಒಂದು, ಎರಡು, ಮತ್ತೂ ಒಂದು.

“ಅವಳಿಗೆ ಹೇಳಿದ್ರಾ ಭಾವ?”

“ಹೇಳಿದ್ರೆ ಬಿಡ್ತಾಳಾ? ನೀನು ಕಂಡೂ ಕಾಣದ ಹಾಗೆ ಇದ್ಬಿಡು.”

ನಾನು ಕಂಡೂ ಕಾಣದ ಹಾಗೆ ಇದ್ದುಬಿಟ್ಟೆ. ಸುಳ್ಳೇಕೆ ಹೇಳಲಿ, ಒಳ್ಳೆಯದೇ ಆಯಿತು ಅನ್ನಿಸಿತು ನನಗೆ.

ಭಾನುವಾರ ಮೊದಲೆರಡು ಸುತ್ತು ಅವಳು ನಿಧಾನವಾಗಿಯೇ ಹೋದಳು. ಕಾರು ಯಾಕೋ ಭಾರ ಅನ್ನಿಸಿತಂತೆ, ಟೈರು ಇನ್ನೂ ಬಿಸಿಯಾಗಿಲ್ಲ ಅಂದುಕೊಂಡಳಂತೆ. ಮೂರನೆಯ ಸುತ್ತಿನಲ್ಲಿ ಎಂದಿನ ವೇಗ. ಎಡ ತಿರುವು ಬಂತು, ಕಾಲು ತೆಗೆದಳು, ಹಿಂಭಾಗ ಸುತ್ತಿ ಬರಲಿ ಎಂದು ಕಾದಳು. ಬರಲಿಲ್ಲ. ಮುಂದಿನ ಚಕ್ರಗಳು ಎಡಕ್ಕೆ ತಿರುಗಿಕೊಂಡೇ ಇದ್ದವು, ಕಾರು ಮಾತ್ರ ನೆಟ್ಟಗೆ ಹೋಗಿ ಟೈರುಗಳ ಗೋಡೆಗೆ ಗುದ್ದಿತು. “ಅಯ್ಯೋ, ನಾನೇ” ಎಂದರು ಭಾವ. ಬೇರೆ ಯಾರಿಗೂ ಕೇಳಿಸಲಿಲ್ಲ.

ಬಲಗೈ ಮಣಿಕಟ್ಟು ಎರಡು ಕಡೆ ಮುರಿದಿತ್ತು. ಜೀವಕ್ಕೇನೂ ಆಗಲಿಲ್ಲ. ಮರುದಿನ ಆಸ್ಪತ್ರೆಯಲ್ಲಿ ಅವಳು ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಸೂರು ನೋಡುತ್ತಾ ಮಲಗಿದ್ದಳು.

“ಮಾವ, ನಂಗೆ ಕಾರು ಗೊತ್ತಾಗೋದು ನಿಂತುಹೋಯ್ತು ಅನ್ಸುತ್ತೆ” ಎಂದಳು. “ನಾನು ಮಾಡಿದ್ದೆಲ್ಲ ಸರಿಯಾಗೇ ಮಾಡಿದೆ. ಆದ್ರೂ ಅದು ಬರ್ಲಿಲ್ಲ. ಇನ್ನು ಇದೆಲ್ಲ ಸಾಕು. ಅಪ್ಪಾ, ಕಾರು ಮಾರಿಬಿಡು.”

ಅಕ್ಕನ ಮುಖ ಅರಳಿತು. ಭಾವ ಬೇಡಿಕೊಂಡಿದ್ದ ವರ ಬಾಯಿಬಿಡದೆ ಕೈಗೆ ಬಂದಿತ್ತು. ಸುಮ್ಮನಿದ್ದರೆ ಮಗಳು ಇನ್ನೆಂದೂ ಆ ತಿರುವಿಗೆ ಹೋಗುವುದಿಲ್ಲ. ನಾನು ಮಂಚದ ಹಿಂದಿನಿಂದ ಕಣ್ಣಲ್ಲೇ ಸುಮ್ಮನಿರಿ, ಸುಮ್ಮನಿರಿ ಎಂದು ಅಂಗಲಾಚಿದೆ. ಅವರು ನನ್ನ ಕಡೆ ನೋಡಿದರು, ಆಮೇಲೆ ಮಗಳ ಕಡೆ. ಅವಳು ಹೆದರಿರಲಿಲ್ಲ, ಸೋತುಹೋಗಿದ್ದಳು. ಅಂಥ ಮುಖವನ್ನು ಯಾವ ಅಪ್ಪ ತಾನೇ ನೋಡಿಕೊಂಡು ಇರುತ್ತಾನೆ?

“ನೀನು ತಪ್ಪು ಮಾಡ್ಲಿಲ್ಲ ಕಂದ. ಗುರುವಾರ ನಾನು ಹಿಂದಿನ ಚಕ್ರದ ನಟ್ಟು ತಿರುಗಿಸಿದ್ದೆ. ನಿಂಗೆ ಹೇಳ್ಲಿಲ್ಲ.”

ಬೈದಿದ್ದರೆ ಚೆನ್ನಾಗಿತ್ತು. “ಎಷ್ಟು?” ಎಂದು ಮಾತ್ರ ಕೇಳಿದಳು.

“ಮೂರು ಸುತ್ತು.”

“ಹೂಂ” ಎಂದು ಗೋಡೆಯ ಕಡೆ ತಿರುಗಿದಳು. ಅಕ್ಕ ಆ ದಿನದಿಂದ ಭಾವನ ಜೊತೆ ಎರಡು ವಾರ ಮಾತು ಬಿಟ್ಟಳು. ಮಾಡಿದ್ದಕ್ಕೋ ಹೇಳಿದ್ದಕ್ಕೋ, ಕೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಮೂರು ತಿಂಗಳ ಮೇಲೆ ಮಗಳು ಗ್ಯಾರೇಜಿಗೆ ಬಂದು ಒಂದು ಚೀಟಿ ಕೊಟ್ಟಳು. ಯಾವ ಚಕ್ರ ಎಷ್ಟು ತಿರುಗಿರಬೇಕೆಂದು ಬರೆದಿದ್ದಳು. ಹಿಂಭಾಗ ಮೊದಲಿನಷ್ಟೇ ಸಡಿಲ. ಭಾವ ಚೀಟಿ ಓದಿ, ರಿಪೇರಿಯಾಗಿದ್ದ ಕಾರಿನ ಕೆಳಗೆ ತೂರಿಕೊಂಡರು. ಮಗಳನ್ನು ಆ ಗೋಡೆಯ ಹತ್ತಿರಕ್ಕೆ ತಮ್ಮ ಕೈಯಾರೆ ಕಳಿಸುತ್ತಿರುವುದು ಗೊತ್ತಿದ್ದೂ ಚೀಟಿಯಲ್ಲಿ ಇದ್ದ ಹಾಗೇ ಕೂರಿಸಿದರು. ಇನ್ನೇನು ಮಾಡಲು ಸಾಧ್ಯವಿತ್ತು ಅವರಿಗೆ?

“ಬರೆದಷ್ಟೇ ಇಟ್ಟಿದೀನಿ” ಎಂದರು ಹೊರಗೆ ಬಂದು.

“ಸರಿ ಅಪ್ಪ” ಎಂದಳು ಅವಳು. ಅಪ್ಪನ ಅಳತೆಪಟ್ಟಿ ತೆಗೆದುಕೊಂಡು ತಾನೇ ನೆಲದ ಮೇಲೆ ಮಲಗಿ ಒಳಗೆ ಸರಿದಳು. ಹುಟ್ಟಿದಾಗಿನಿಂದ ಅವಳು ಅವರ ಕೆಲಸವನ್ನು ಮತ್ತೆ ಅಳೆದು ನೋಡಿದ್ದಿಲ್ಲ. ಕತ್ತಲಲ್ಲಿ ಅಂಕಿ ಕಾಣದೆ ತಡಕಾಡುತ್ತಿದ್ದಳು. ಭಾವ ಮೊಣಕಾಲೂರಿ ಟಾರ್ಚ್ ಹಿಡಿದರು.